ಫೋಟೋ ಹಿಂದೆ ಬರೆದ ಬಣ್ಣ

ಗೇಟಿನ ಹೊರಗೆ ನಿಂತಿದ್ದವರ ಒಂದು ಕಾಲಿನಲ್ಲಿ ಕಂದು ಸಾಕ್ಸು, ಇನ್ನೊಂದು ಕಾಲಿನಲ್ಲಿ ಹಸಿರು ಸಾಕ್ಸು. ನಾನು ಮೊದಲು ನೋಡಿದ್ದು ಅದನ್ನೇ. ಮುಖ ನೋಡಿದ್ದು ಆಮೇಲೆ.

"ಪ್ರಭಾ ಅವರ ಮನೆ ಇದೇನಾ?"

"ಹೌದು. ನೀವ್ಯಾರು?"

"ಸೇತುರಾಮ ಅಂತ. ಫೋಟೋಗ್ರಾಫರ್ ಸೇತುರಾಮ."

ತುಳಸಿಗೆ ಹಾಕಬೇಕಾದ ನೀರು ನನ್ನ ಪಾದದ ಮೇಲೆ ಸುರಿದುಹೋಯಿತು. ಈ ಹೆಸರಿನ ಮನುಷ್ಯ ಎಂದಾದರೂ ಕಣ್ಣಿಗೆ ಬಿದ್ದರೆ ಹೇಗೆ ಬೈಯಬೇಕೆಂದು ನಲವತ್ತೊಂದು ವರ್ಷದಿಂದ ಮಾತು ಜೋಡಿಸಿಟ್ಟುಕೊಂಡಿದ್ದೆ. ಬಂದು ಎದುರಿಗೆ ನಿಂತಾಗ ಅದರಲ್ಲಿ ಒಂದೂ ಬಾಯಿಗೆ ಬರಲಿಲ್ಲ. "ಬಿಸಿಲು, ಒಳಗೆ ಬನ್ನಿ" ಎಂದುಬಿಟ್ಟೆ. ನನ್ನ ಮೇಲೆ ನನಗೇ ಸಿಟ್ಟು ಬಂತು.

ನನಗೀಗ ಅರವತ್ತೊಂಬತ್ತು. ಮದುವೆಯಾಗಲಿಲ್ಲ. ಬಸವೇಶ್ವರನಗರದಲ್ಲಿ ಅಣ್ಣನ ಮಗಳು ರಾಗಿಣಿಯ ಜೊತೆ ಇದ್ದೇನೆ. ಮೂವತ್ತು ವರ್ಷ ಶಾಲೆಯಲ್ಲಿ ಡ್ರಾಯಿಂಗ್ ಟೀಚರಾಗಿದ್ದೆ. ಈ ವಯಸ್ಸಿನಲ್ಲಿ ಪ್ರೇಮದ ಕಥೆ ಹೇಳಲು ಕೂತಿದ್ದಾಳೆ ಎಂದು ಮೂಗು ಮುರಿಯುವವರು ಮುರಿಯಲಿ. ನೋವಿರುವುದು ನನ್ನ ಮಂಡಿಯಲ್ಲಿ, ಮನಸ್ಸು ಚೆನ್ನಾಗಿಯೇ ಇದೆ.

ಇದೆಲ್ಲ ರಾಗಿಣಿಯದೇ ಕಿತಾಪತಿ. ನನ್ನ ಟ್ರಂಕಿನಲ್ಲಿ ಸಿಕ್ಕ ಒಂದು ಹಳೆಯ ಫೋಟೋವನ್ನು "ನಮ್ಮತ್ತೆ ಬಣ್ಣ ಹಾಕಿದ್ದು" ಎಂದು ಬರೆದು ಇನ್‌ಸ್ಟಾಗ್ರಾಮಿಗೆ ಹಾಕಿದ್ದಳು. ಮೂರೇ ದಿನಕ್ಕೆ ಕೆಂಗೇರಿ ಉಪನಗರದಿಂದ ಮೆಸೇಜು ಬಂದಿತ್ತು. "ಆ ಫೋಟೋ ತೆಗೆದವನು ನಾನು. ಅತ್ತೆಯನ್ನು ನೋಡಬಹುದಾ?" ನನ್ನನ್ನು ಕೇಳದೆಯೇ ಇವಳು ವಿಳಾಸ ಕಳಿಸಿದ್ದಳು.

ಹಿಂದಿನದನ್ನು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಎಪ್ಪತ್ತೆಂಟರಲ್ಲಿ ರಾಜಾಜಿನಗರದ ಮರಿಯಪ್ಪನವರ ಸೀರೆ ಅಂಗಡಿಗೆ ನಾನು ಜಾಹೀರಾತಿನ ಚಿತ್ರ ಬರೆಯುತ್ತಿದ್ದೆ. ಉದ್ದನೆಯ ಕತ್ತು, ಸಣ್ಣ ಸೊಂಟ, ಒಂದೇ ಎಳೆತದಲ್ಲಿ ನೆಲಕ್ಕಿಳಿಯುವ ನೆರಿಗೆ. ಫ್ಯಾಷನ್ ಇಲ್ಲಸ್ಟ್ರೇಟರ್ ಎಂಬ ದೊಡ್ಡ ಹೆಸರು ಆಗ ನನಗೆ ಗೊತ್ತೇ ಇರಲಿಲ್ಲ. ಬೀದಿಯಲ್ಲಿ ನಾನು "ಸೀರೆ ಚಿತ್ರದ ಹುಡುಗಿ", ಅಷ್ಟೇ.

ಅದೇ ವರ್ಷ ಮರಿಯಪ್ಪನವರಿಗೆ ಫೋಟೋದ ಹುಚ್ಚು ಹತ್ತಿತು. ಕಲರ್ ಪ್ರಿಂಟು ಮದರಾಸಿಗೆ ಹೋಗಿ ಬರುವಷ್ಟರಲ್ಲಿ ಹಬ್ಬವೇ ಮುಗಿದಿರುತ್ತಿತ್ತು. ಅದಕ್ಕೇ ಕುರುಬರಹಳ್ಳಿಯ ಸ್ಟುಡಿಯೋದಲ್ಲಿ ಸೇತುರಾಮ ಕಪ್ಪು ಬಿಳುಪಿನಲ್ಲಿ ಫೋಟೋ ತೆಗೆಯುತ್ತಿದ್ದರು. ಪ್ರಿಂಟು ಕವರಿನಲ್ಲಿ ನಮ್ಮ ಮನೆಗೆ ಬರುತ್ತಿತ್ತು. ಕಡ್ಡಿಗೆ ಹತ್ತಿ ಸುತ್ತಿ, ತೆಳ್ಳಗಿನ ಬಣ್ಣದಲ್ಲಿ ಅದ್ದಿ, ಸೀರೆಗೂ ಹೂವಿಗೂ ನಾನು ಬಣ್ಣ ತುಂಬುತ್ತಿದ್ದೆ. ಸ್ಟುಡಿಯೋಗೆ ಹೋಗಲು ಅಪ್ಪ ಬಿಡುತ್ತಿರಲಿಲ್ಲ. ಸೀರೆಯನ್ನೇ ನೋಡದ ನಾನು ಯಾವ ಬಣ್ಣ ಹಾಕಲಿ? ಅದನ್ನು ಸೇತುರಾಮ ಫೋಟೋ ಹಿಂದೆ ಪೆನ್ಸಿಲಿನಲ್ಲಿ ಬರೆದು ಕಳಿಸುತ್ತಿದ್ದರು.

"ಮೈ ಮೆರೂನ್, ಅಂಚು ಸಾಸಿವೆ ಹಳದಿ. ಈ ಹುಡುಗಿ ಬೆಳಗ್ಗೆಯಿಂದ ಏನೂ ತಿಂದಿಲ್ಲ, ಆದರೂ ಹೇಗೆ ನಗುತ್ತಿದ್ದಾಳೆ ನೋಡಿ."

"ಮೈ ನವಿಲು ನೀಲಿ, ಅಂಚು ಬೆಳ್ಳಿ. ಸ್ಟುಡಿಯೋ ಬಾಗಿಲಿಗೆ ಎಮ್ಮೆ ಬಂತು. ಸೆರಗು ಹಾರಿದ್ದು ಗಾಳಿಗಲ್ಲ, ಹೆದರಿಕೆಗೆ."

ಓದಿ ಒಬ್ಬಳೇ ನಗುತ್ತಿದ್ದೆ. ಅಮ್ಮ ಅಡುಗೆಮನೆಯಿಂದ ಇಣುಕಿ ನೋಡುತ್ತಿದ್ದಳು. ಆರು ವರ್ಷ ಹೀಗೇ ನಡೆಯಿತು. ಒಮ್ಮೆಯೂ ಮುಖ ನೋಡಲಿಲ್ಲ, ಮಾತಾಡಲಿಲ್ಲ. ಆದರೂ ನನ್ನ ಕಣ್ಣಿಗೆ ಕಂಡಂತೆಯೇ ಬಣ್ಣ ಕಾಣುವ ಒಬ್ಬ ಮನುಷ್ಯ ಈ ಊರಿನಲ್ಲಿದ್ದಾನೆ ಎಂದು ಎಷ್ಟು ಖುಷಿಯಾಗಿದ್ದೆ ನಾನು.

ಎಂಬತ್ತನಾಲ್ಕರ ವರಮಹಾಲಕ್ಷ್ಮಿ ಹಬ್ಬಕ್ಕೆ ನವರಂಗ್ ಟಾಕೀಸಿನ ಹತ್ತಿರ ದೊಡ್ಡ ಬೋರ್ಡು ಹಾಕಬೇಕಿತ್ತು. ಫೋಟೋ ಹಿಂದೆ "ಮೈ ಕುಂಕುಮ ಕೆಂಪು" ಎಂದಿತ್ತು. ಕೆಂಪು ಹಾಕಿದೆ. ಸೀರೆ ನಿಜವಾಗಿ ಇದ್ದದ್ದು ಕಡು ಹಸಿರು. ಬೋರ್ಡು ನೋಡಿದ ಹೆಂಗಸರೆಲ್ಲ ಅಂಗಡಿಗೆ ಬಂದು ಇಲ್ಲದ ಕೆಂಪು ಸೀರೆ ಕೇಳಿದರು. "ಬಣ್ಣ ಗೊತ್ತಿಲ್ಲದವಳ ಕೈಗೆ ಕೆಲಸ ಕೊಟ್ಟೆ" ಎಂದು ಮರಿಯಪ್ಪನವರು ನನ್ನನ್ನು ಬಿಡಿಸಿದರು. ಆ ಮಾತು ಎಲ್ಲ ಅಂಗಡಿಗಳಿಗೂ ಹಬ್ಬಿತು. ಆ ಪ್ರಿಂಟು, ಬೋರ್ಡು ಬರೆಯುವವರ ಬಳಿ ಕಳೆದುಹೋಗಿತ್ತು, ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ತಪ್ಪು ತನ್ನದೆಂದು ಸೇತುರಾಮ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಅಲ್ಲಿಗೆ ನನ್ನ ಸೀರೆ ಚಿತ್ರಗಳು ಮುಗಿದವು. ಆಮೇಲೆ ಮೂವತ್ತು ವರ್ಷ ಮಕ್ಕಳಿಗೆ ಸೇಬು, ಮಾವಿನಹಣ್ಣು ಬರೆಸಿದೆ.

ಅಂಥವರು ಈಗ ನಮ್ಮ ಜಗುಲಿಯಲ್ಲಿ ಕೂತು, ಕಾಫಿ ಚೆನ್ನಾಗಿದೆ ಎನ್ನುತ್ತಿದ್ದರು.

ಆವತ್ತು ಗುರುವಾರ. ಮುಂದಿನ ಗುರುವಾರವೂ ಬಂದರು. ಅದರ ಮುಂದಿನದಕ್ಕೂ. ಹೆಂಡತಿ ತೀರಿಕೊಂಡು ಒಂಬತ್ತು ವರ್ಷವಾಯಿತಂತೆ, ಮನೆಯಲ್ಲಿ ಒಬ್ಬರೇ ಅಂತೆ. ಹೊಂಗೆ ಮರದ ನೆರಳು ಜಗುಲಿಯ ಮೇಲೆ ಹರಿದಾಡುತ್ತಿತ್ತು. ಆ ಮನುಷ್ಯ ಮಾತಾಡುತ್ತಾ ಮಾತಾಡುತ್ತಾ ತಲೆ ಓರೆ ಮಾಡಿ ನನ್ನನ್ನೇ ನೋಡುತ್ತಿದ್ದರು.

"ಏನು ನೋಡ್ತಿದೀರಿ?"

"ಬೆಳಕು. ನಿಮ್ಮ ಕೆನ್ನೆ ಮೇಲೆ ಚೆನ್ನಾಗಿ ಬಿದ್ದಿದೆ. ಕತ್ತು ಸ್ವಲ್ಪ ಈ ಕಡೆ ತಿರುಗಿಸಿ."

"ನಾನೇನು ನಿಮ್ಮ ಮಾಡೆಲ್ಲಾ?"

"ಆಗಿದ್ರೆ ನನಗೆ ಫೋಕಸ್ ಸಿಗ್ತಿರಲಿಲ್ಲ."

ನಾಚಿಕೆಗೇಡು, ಕತ್ತು ತಿರುಗಿಸಿದೆ. ಒಳಗಿನಿಂದ ರಾಗಿಣಿ ಕೆಮ್ಮಿದಳು. ಸಂಜೆ ಅವರು ಹೋದ ಮೇಲೆ ಬಂದು ನನ್ನ ಸೆರಗು ಮುಟ್ಟಿ ನೋಡಿದಳು.

"ಅತ್ತೆ, ಗುರುವಾರ ಬಂದ್ರೆ ಗಂಜಿ ಹಾಕಿದ ಸೀರೇನಾ?"

"ಸುಮ್ನಿರೇ, ಬೇರೆ ಒಣಗಿರಲಿಲ್ಲ."

ಸುಳ್ಳು. ಬುಧವಾರ ರಾತ್ರಿಯೇ ಆರಿಸಿಡುತ್ತಿದ್ದೆ.

ನನ್ನ ಕಷ್ಟ ಇದೇ ಆಗಿತ್ತು. ಆವತ್ತು ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಲೇಬೇಕಿತ್ತು. ಕೇಳಿದರೆ, ಉತ್ತರ ಸರಿಯಿಲ್ಲದಿದ್ದರೆ, ಗುರುವಾರಗಳು ಮುಗಿದಂತೆ. ಪ್ರತಿ ಸಲವೂ ಪ್ರಶ್ನೆಯನ್ನು ಕಾಫಿಯ ಜೊತೆ ನುಂಗುತ್ತಿದ್ದೆ.

ನಾಲ್ಕನೆಯ ಗುರುವಾರ ಅವರು ಕ್ಯಾಮೆರಾ ತಂದರು. ಹಳೆಯದು, ಫಿಲ್ಮ್ ಹಾಕುವಂಥದ್ದು.

"ಒಂದು ಫೋಟೋ ತೆಗೀತೀನಿ. ಹೋದ ವಾರ ಉಟ್ಟಿದ್ರಲ್ಲ, ಆ ಹಸಿರು ಸೀರೆ, ಅದನ್ನ ಉಟ್ಕೊಂಡು ಬರ್ತೀರಾ?"

ಹೋದ ವಾರ ನಾನು ಉಟ್ಟಿದ್ದು ಇಟ್ಟಿಗೆ ಕೆಂಪು.

"ಹೋದ ವಾರ ಯಾರ ಮನೆಗೆ ಹೋಗಿದ್ರಿ?" ಎಂದೆ.

"ಇಲ್ಲಿಗೇ ಬಂದಿದ್ದೆನಲ್ಲ."

"ಹಸಿರು ಸೀರೆಯವರು ಬೇರೆ ಯಾರೋ ಇರ್ಬೇಕು. ನೆನಪಿಸ್ಕೊಳ್ಳಿ. ಗುರುವಾರ ನನಗೆ, ಶುಕ್ರವಾರ ಅವರಿಗೆ ಇರ್ಬೇಕು."

ಹೊಟ್ಟೆಕಿಚ್ಚು, ಮತ್ತೇನೂ ಅಲ್ಲ. ಅರವತ್ತೊಂಬತ್ತನೇ ವಯಸ್ಸಿನಲ್ಲಿ ಇಲ್ಲದ ಸವತಿಯ ಜೊತೆ ಜಗಳಕ್ಕಿಳಿದಿದ್ದೆ. ಅವರು ನಗುತ್ತಾರೆಂದುಕೊಂಡರೆ ಮುಖ ಸಪ್ಪಗಾಯಿತು. ಕ್ಯಾಮೆರಾವನ್ನು ಮೆಲ್ಲಗೆ ಕೆಳಗಿಟ್ಟರು.

"ಪ್ರಭಾ ಅವರೇ, ಅದು ಹಸಿರಲ್ವಾ?"

"ಕೆಂಪು."

"ನನಗೆ ಗೊತ್ತಾಗಲ್ಲ," ಎಂದರು. "ಹುಟ್ಟಿನಿಂದಲೂ ಅಷ್ಟೇ. ಕೆಂಪು, ಹಸಿರು, ಕಂದು, ಎಲ್ಲ ಒಂದೇ ಥರ ಕಾಣತ್ತೆ. ಅದಕ್ಕೇ ಕಪ್ಪು ಬಿಳುಪಿಗೆ ಅಂಟ್ಕೊಂಡಿದ್ದು. ನನ್ನ ಹೆಂಡತಿಗೆ ಬಿಟ್ರೆ ಯಾರಿಗೂ ಹೇಳಿಲ್ಲ."

"ಹಾಗಾದ್ರೆ ಫೋಟೋ ಹಿಂದೆ ಬರೀತಿದ್ದ ಬಣ್ಣಗಳು?"

"ಪದ್ಮನಾಭ ಅಂತ ಒಬ್ಬ ಸೇಲ್ಸ್‌ಮನ್ ಇದ್ದ. ಅಂಗಡಿಯಿಂದ ಸೀರೆ ತರ್ತಿದ್ದವನು ಅವನೇ. ಬಣ್ಣ ಅವನು ಹೇಳ್ತಿದ್ದ, ನಾನು ಬರೀತಿದ್ದೆ. ವರಮಹಾಲಕ್ಷ್ಮಿ ಬೋರ್ಡಿನ ಸಲ ಅವನು ಮದುವೆ ಅಂತ ರಜ ಹಾಕಿದ್ದ. ನಾನೇ ಊಹೆ ಮಾಡಿ ಬರೆದೆ."

"ಆಮೇಲೆ ಗೊತ್ತಾಯ್ತಲ್ಲ. ಒಂದು ಮಾತು ಹೇಳ್ಬಹುದಿತ್ತಲ್ಲ."

"ಹೆದರಿದೆ. ಬಣ್ಣ ಕಾಣದ ಫೋಟೋಗ್ರಾಫರ್‌ಗೆ ಸೀರೆ ಅಂಗಡೀಲಿ ಕೆಲಸ ಯಾರು ಕೊಡ್ತಾರೆ? ನಾಳೆ ಹೇಳ್ತೀನಿ, ನಾಡಿದ್ದು ಹೇಳ್ತೀನಿ ಅಂದ್ಕೊಂಡೆ. ಇವತ್ತಾಯ್ತು."

ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಕೆಲಸ ಹೋದದ್ದು ಒಂದು ಪಾಲು. ನನ್ನಂತೆಯೇ ನೋಡುವವರು ಒಬ್ಬರಿದ್ದಾರೆ ಎಂದು ಆರು ವರ್ಷ ನಂಬಿದ್ದೆನಲ್ಲ, ಆ ಬಣ್ಣಗಳೆಲ್ಲ ಯಾವನೋ ಪದ್ಮನಾಭನವು. ಅಳು ಬಂತು. ಅವರ ಮುಂದೆ ಅಳಬಾರದೆಂದು ಎದ್ದು ನಿಂತೆ.

"ನೀವು ಹೊರಡಿ," ಎಂದೆ.

ಅವರು ಹೊರಟರು. ಕಾಫಿ ಅರ್ಧ ಹಾಗೆಯೇ ಉಳಿದಿತ್ತು.

ಮುಂದಿನ ಗುರುವಾರ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ನಾನೇ ಕಳಿಸಿದವಳು, ಆದರೂ ಮಧ್ಯಾಹ್ನವೆಲ್ಲ ಗೇಟಿನ ಸದ್ದಿಗೆ ಕಿವಿಯಿಟ್ಟು ಕೂತಿದ್ದೆ. ಮೂರನೆಯ ಗುರುವಾರ ಬೆಳಗ್ಗೆ ರಾಗಿಣಿಗೆ ವಿಜಯನಗರ ಮೆಟ್ರೋವರೆಗೆ ಆಟೋ ಬುಕ್ ಮಾಡೆಂದೆ.

"ಎಲ್ಲಿಗತ್ತೆ?"

"ಜಗಳಕ್ಕೆ."

"ಜಗಳಕ್ಕೆ ಮಲ್ಲಿಗೆ ಮುಡ್ಕೊಂಡು ಹೋಗ್ತಾರಾ?"

ಚಪ್ಪಲಿ ಮೆಟ್ಟಿ ಹೊರಟೆ. ರೈಲು ಮೈಸೂರು ರಸ್ತೆಯ ಮೇಲೆ ತೇಲಿಕೊಂಡು ಹೋಗುತ್ತಿತ್ತು. ಕೆಳಗೆ ತಾರಸಿಗಳು, ತಾರಸಿಗಳ ಮೇಲೆ ಒಣಗಲು ಹಾಕಿದ ಸೀರೆಗಳು. ನೀಲಿ, ಕೇಸರಿ, ಗುಲಾಬಿ. ಕಣ್ಣು ಅರೆ ಮುಚ್ಚಿ ಅವುಗಳಿಂದ ಒಂದೊಂದೇ ಬಣ್ಣ ತೆಗೆದು ನೋಡಿದೆ. ಬರೀ ನೆರಳು ಬೆಳಕು ಉಳಿಯಿತು. ಅಷ್ಟೇನೂ ಕೆಟ್ಟದಾಗಿರಲಿಲ್ಲ.

ಅವರೇ ಮಾತಿನ ನಡುವೆ ಹೇಳಿದ್ದ ಗುರುತಿನ ಮೇಲೆ ಕೆಂಗೇರಿ ಉಪನಗರದ ಮನೆ ಹುಡುಕಲು ಕಷ್ಟವಾಗಲಿಲ್ಲ. ಬಾಗಿಲು ತೆರೆದವರು ನನ್ನನ್ನು ನೋಡಿ ಅಲ್ಲೇ ನಿಂತರು. ಗಡ್ಡ ಬೆಳೆದಿತ್ತು.

"ಒಂದೇ ಪ್ರಶ್ನೆ," ಎಂದೆ, ಚಪ್ಪಲಿಯನ್ನೂ ಬಿಡದೆ. "ಆರು ವರ್ಷ ನಾನು ಬಣ್ಣ ಹಾಕಿದ್ದು ನಿಮ್ಮ ಫೋಟೋಗಳಿಗೆ. ಮುಗಿದ ಮೇಲೆ ನೀವು ನೋಡ್ತಿದ್ರಲ್ಲ, ನಿಮಗೆ ಏನು ಕಾಣ್ತಿತ್ತು?"

ಅವರು ಬಾಗಿಲಿನಿಂದ ಸರಿದು ದಾರಿ ಬಿಟ್ಟರು.

"ನೀವು ಬಣ್ಣ ಹಾಕದೆ ಬಿಟ್ಟ ಜಾಗ," ಎಂದರು. "ಬೇರೆಯವರು ಫೋಟೋ ತುಂಬಾ ಬಳಿದುಬಿಡೋರು. ನೀವು ಕತ್ತಿನ ಕೆಳಗಿನ ನೆರಳು, ನೆರಿಗೆ ಒಳಗಿನ ಕತ್ತಲು, ಅದನ್ನ ಮುಟ್ತಾನೇ ಇರಲಿಲ್ಲ. ನಾನು ಎಷ್ಟು ಕಷ್ಟಪಟ್ಟು ಹಿಡಿದಿದ್ದು ಅದು. ಅದು ನಂದು ಅಂತ ನಿಮಗೆ ಹೇಗೋ ಗೊತ್ತಿತ್ತು. ಪ್ರತಿ ಫೋಟೋದಲ್ಲೂ ಅದನ್ನೇ ಹುಡುಕ್ತಿದ್ದೆ. ಬಣ್ಣ ಪದ್ಮನಾಭ ಹೇಳಿದ್ದು, ನಿಜ. ಉಳಿದ ಸಾಲುಗಳು ನನ್ನವು. ನೀವು ಓದಲಿ ಅಂತಲೇ ಬರೆದಿದ್ದು."

ಎಮ್ಮೆ. ಹಸಿದುಕೊಂಡು ನಕ್ಕ ಹುಡುಗಿ. ನಾನು ಒಬ್ಬಳೇ ನಕ್ಕಿದ್ದು ಮೆರೂನಿಗೂ ಅಲ್ಲ, ನವಿಲು ನೀಲಿಗೂ ಅಲ್ಲ. ಚಪ್ಪಲಿ ಬಿಟ್ಟು ಒಳಗೆ ಹೋದೆ. ಹಜಾರದ ಕುರ್ಚಿಯಲ್ಲಿ ಕೂತೆ, ಅವರು ಎದುರಿಗೆ ಬೆತ್ತದ ಸ್ಟೂಲು ಎಳೆದುಕೊಂಡು ಕೂತರು.

ಆಗ ನಾನೂ ಹೇಳಿದೆ. ರಾಗಿಣಿಗೆ ಹೇಳದ್ದು, ಅಪ್ಪ ಅಮ್ಮನಿಗೂ ಹೇಳದ್ದು. ಇಷ್ಟು ಹೊತ್ತು ಈ ಕಥೆ ಕೇಳುತ್ತಿರುವ ನಿಮ್ಮಿಂದಲೂ ಮುಚ್ಚಿಟ್ಟಿದ್ದೆ.

"ಆ ಸೀರೆ ಹಸಿರು ಅಂತ ನನಗೆ ಗೊತ್ತಿತ್ತು."

ಅವರು ತಲೆಯೆತ್ತಿದರು.

"ಫೋಟೋ ಬರೋ ನಾಲ್ಕು ದಿನ ಮುಂಚೆ ಅಮ್ಮನ ಜೊತೆ ಅಂಗಡಿಗೆ ಹೋಗಿದ್ದೆ. ಕೌಂಟರ್ ಮೇಲೆ ಅದೇ ಸೀರೆ ಬಿಚ್ಚಿಟ್ಟಿದ್ರು. ಆ ಡಿಸೈನಲ್ಲಿ ಹಸಿರೊಂದೇ ಬಂದಿರೋದು ಅಂದ್ರು. ಫೋಟೋದಲ್ಲಿ ಅಂಚಿನ ಹಂಸ ನೋಡಿದ ತಕ್ಷಣ ಗುರುತು ಸಿಕ್ತು. ತಿರುಗಿಸಿ ನೋಡಿದ್ರೆ ನೀವು ಕೆಂಪು ಅಂತ ಬರೆದಿದೀರಿ."

"ಮತ್ತೆ ಯಾಕೆ ಕೆಂಪು ಹಾಕಿದ್ರಿ?"

"ನೀವು ಬರೆದಿದ್ರಲ್ಲ. ನನ್ನ ಕಣ್ಣೇ ತಪ್ಪಿರ್ಬೇಕು ಅಂದ್ಕೊಂಡೆ. ಅಷ್ಟು ಇಷ್ಟ ಇತ್ತು ನಿಮ್ಮ ಮೇಲೆ. ಕೆಲಸ ಹೋಗಿದ್ದು ನಿಮ್ಮ ತಪ್ಪಿಂದ ಅಲ್ಲ, ಆ ಇಷ್ಟದಿಂದ. ಇಷ್ಟು ವರ್ಷ ಉರೀತಿದ್ದದ್ದೂ ಅದಕ್ಕೇ."

ಸೇತುರಾಮ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. ಕಣ್ಣು ತುಂಬಿತ್ತು, ಒರೆಸಿಕೊಳ್ಳಲಿಲ್ಲ.

"ನಾನು ಒಂದ್ಸಲ ಬಂದು ಹೇಳಿದ್ರೆ ಸಾಕಿತ್ತು," ಎಂದರು.

"ನಾನು ಒಂದ್ಸಲ ಬಂದು ಕೇಳಿದ್ರೂ ಸಾಕಿತ್ತು."

"ಈಗ?"

"ಈಗಲೂ ಇಷ್ಟಾನೇ. ಅದನ್ನ ಹೇಳೋಕೆ ತಾನೇ ಇಷ್ಟು ದೂರ ಬಂದಿರೋದು."

ಅವರು ಕೈ ಚಾಚಿ ನನ್ನ ಬೆರಳು ಹಿಡಿದುಕೊಂಡರು. ಬೆಚ್ಚಗಿತ್ತು. ಅಷ್ಟರಲ್ಲಿ ಫೋನು ಬಂತು. ರಾಗಿಣಿ.

"ಅತ್ತೆ, ಜಗಳ ಮುಗೀತಾ? ಊಟಕ್ಕೆ ಬರ್ತೀರಾ?"

ಕೈ ಬಿಡಿಸಿಕೊಳ್ಳಲು ನೋಡಿದೆ, ಅವರು ಬಿಡಲಿಲ್ಲ.

"ನಿಧಾನಕ್ಕೆ ಬರ್ತೀನಿ ಕಣೇ. ನೀನು ಊಟ ಮಾಡು," ಎಂದೆ.