ಹಿತ್ತಲಿನ ಕ್ಷೌರದ ಕುರ್ಚಿ

ನೆತ್ತಿಯ ಮೇಲಿನ ನಕ್ಷತ್ರಗಳನ್ನು ಟೆಲಿಸ್ಕೋಪಿನಲ್ಲಿ ನೋಡಿ ನೋಡಿ ನನ್ನ ಕತ್ತು ಹಿಡಿದುಕೊಳ್ಳುತ್ತಿತ್ತು. ಅದಕ್ಕೇ, ತೀರಿಕೊಂಡ ಅಪ್ಪನ ಕ್ಷೌರದಂಗಡಿಯ ಕುರ್ಚಿಯನ್ನು ಹಿತ್ತಲಿಗೆ ತಂದು ಹಾಕಿದೆ. ಬೆನ್ನು ಹಿಂದಕ್ಕೆ ವಾಲಿಸಿ ಮಲಗಿದರೆ ರಾಜಭೋಗ.

ನಿನ್ನೆ ರಾತ್ರಿ ಹಾಗೇ ನೋಡುತ್ತಾ ತೂಕಡಿಸಿದೆ. ತಣ್ಣನೆಯ ಎರಡು ಬೆರಳು ನನ್ನ ಗದ್ದ ಎತ್ತಿ ಮುಖವನ್ನು ನೇರ ಮಾಡಿದವು. ನಕ್ಷತ್ರ ಮತ್ತೆ ಕಂಡಿತು. ಸಾಬೂನಿನ ವಾಸನೆ ಬಂತು. ಗಿರಾಕಿಗಳ ಗದ್ದವನ್ನು ಅಪ್ಪ ಎತ್ತುತ್ತಿದ್ದದ್ದು ಹೀಗೇ.

ಕುರ್ಚಿಯ ಬೆನ್ನನ್ನು ನೆಟ್ಟಗೆ ಮಾಡಿ ಎದ್ದವನೇ ಒಳಗೆ ಬಂದೆ.

"ಇದೇನ್ರೀ ವೇಷ?" ಎಂದಳು ಹೆಂಡತಿ. "ಒಂದೇ ಕೆನ್ನೆ ಬೋಳಿಸ್ಕೊಂಡಿದ್ದೀರಲ್ಲ!"

ತಿಂಗಳಿಂದ ಬೆಳೆಸಿದ್ದ ಗಡ್ಡ ಎಡಗೆನ್ನೆಯಲ್ಲಿ ಇರಲೇ ಇಲ್ಲ.

ಕ್ಷೌರದ ನಡುವೆ ಎದ್ದು ಹೋಗುವವರನ್ನು ಕಂಡರೆ ಅಪ್ಪನಿಗೆ ಆಗುತ್ತಿರಲಿಲ್ಲ. ಬೆಳಿಗ್ಗೆ ಕಿಟಕಿಯಿಂದ ಇಣುಕಿದೆ. ಕುರ್ಚಿಯ ಬೆನ್ನು ಮತ್ತೆ ಹಿಂದಕ್ಕೆ ವಾಲಿದೆ.