ನಿಂತಲ್ಲೇ ಎಣ್ಣೆ ಕುಡಿದ ಗಾಡಿ

ಸೋಮವಾರ ಬೆಳಗ್ಗೆ ಬೈಲಹೊಂಗಲದ ಡೀಸೆಲ್ ಬಂಕಿನಲ್ಲಿ ಸಿದ್ದಲಿಂಗವ್ವ ಪಿಕಪ್ ಗಾಡಿಯ ಬಾಗಿಲಿಗೆ ಕೈ ಆನಿಸಿ ನಿಂತು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಇನ್ನೊಮ್ಮೆ ಹಾಕಿದಳು. ಉತ್ತರ ಬದಲಾಗಲಿಲ್ಲ.

“ಹದಿಮೂರು,” ಎಂದಳು. “ಲೀಟರಿಗೆ ಹದಿನಾರು ಕಿಲೋಮೀಟರ್ ಕೊಡೋ ಗಾಡಿ ಹದಿಮೂರಕ್ಕ ಬಂದೈತಿ. ಇದು ಮೂರನೇ ವಾರ. ಎಣ್ಣಿ ಎಲ್ಲಿ ಹೋತು, ಸಾಜಿದ?”

ಸಾಜಿದ್ ತಲೆ ತಗ್ಗಿಸಿದ. ಬಂಕಿನವನು ಪೈಪನ್ನು ಜಾಗಕ್ಕೆ ಸಿಕ್ಕಿಸಿ, ಏನೂ ಕೇಳಿಸದವನಂತೆ ಆ ಕಡೆ ತಿರುಗಿದ.

“ನಾ ಮಾರಿಲ್ಲರಿ, ಅಮ್ಮಾರ.”

“ಮಾರಿಲ್ಲ, ಸೋರಿಲ್ಲ. ಹಂಗಾರ ಗಾಳಿ ಕುಡೀತೇನು? ಬರೋ ಸೋಮವಾರ ಮಟಾ ನೋಡ್ತೇನಿ. ಆಮ್ಯಾಲ ಕೀಲಿ ಬಸವಲಿಂಗನ ಕೈಯಾಗ ಕೊಟ್ಟು ನೀ ಹೋಗು.”

ಈ ಮಾತು ಗಾಡಿಗಿಂತ ಮೊದಲೇ ರೊಟ್ಟಿ ಕೇಂದ್ರ ಮುಟ್ಟಿತು. ಅಲ್ಲಿ ಹಂಚಿನ ಮುಂದೆ ಕುಳಿತಿದ್ದ ಸಾಜಿದನ ಹೆಂಡತಿ ಶಬನಮ್ ತಟ್ಟುತ್ತಿದ್ದ ರೊಟ್ಟಿಯ ಅಂಚು ಹರಿಯಿತು.

ಸಿದ್ದಲಿಂಗವ್ವನ ಕೇಂದ್ರದಲ್ಲಿ ಹೆಂಗಸರು ಬಡಿದ ಖಡಕ್ ರೊಟ್ಟಿ ಎರಡು ಪಿಕಪ್‌ಗಳಲ್ಲಿ ಊರೂರಿಗೆ ಹೋಗುತ್ತಿತ್ತು. ಒಂದು ಸಾಜಿದನ ಕೈಯಲ್ಲಿ ಸವದತ್ತಿ, ರಾಮದುರ್ಗದ ಖಾನಾವಳಿಗಳಿಗೆ. ಇನ್ನೊಂದು ಕಿತ್ತೂರು, ಎಂ.ಕೆ. ಹುಬ್ಬಳ್ಳಿಯ ಹೈವೇ ಧಾಬಾಗಳಿಗೆ. ಅದನ್ನು ಓಡಿಸುವವನು ಬಸವಲಿಂಗ, ಸಿದ್ದಲಿಂಗವ್ವನ ತಂಗಿ ಪದ್ಮವ್ವನ ಮಗ. ಎರಡೂ ಹಳೆಯ ಗಾಡಿಗಳು. ಬಾಗಿಲು ಕೂಡಬೇಕೆಂದರೆ ಎರಡು ಸಲ ಜಗ್ಗಬೇಕು. ಎಣ್ಣೆ ತೋರಿಸುವ ಮುಳ್ಳು ಎರಡರಲ್ಲೂ ಎಂದೋ ಸತ್ತುಹೋಗಿತ್ತು, ಟ್ಯಾಂಕಿನ ಮುಚ್ಚಳದ ಕೀಲಿಯೂ ಕೆಟ್ಟಿತ್ತು. ಅದಕ್ಕೇ ಪ್ರತಿ ಸೋಮವಾರ ಟ್ಯಾಂಕನ್ನು ಕಂಠಮಟ ತುಂಬಿಸುವುದು ಪದ್ಧತಿ. ತುಂಬಲು ಎಷ್ಟು ಹಿಡಿಯಿತೋ ಅಷ್ಟು ಎಣ್ಣೆ ಆ ವಾರ ಖರ್ಚಾಗಿದೆ ಎಂದರ್ಥ.

ಹಳೆಯ ಗಾಡಿ ಟೈರು ತಿನ್ನುತ್ತದೆ, ಕ್ಲಚ್ ಪ್ಲೇಟು ತಿನ್ನುತ್ತದೆ. ಅದನ್ನು ಸಿದ್ದಲಿಂಗವ್ವ ಸಹಿಸುತ್ತಿದ್ದಳು. ಆದರೆ ಎಣ್ಣೆ ದಿನದಿನದ ಬಾಯಿ. ರೊಟ್ಟಿಯಲ್ಲಿ ಸಿಗುವ ಲಾಭವೆಲ್ಲ ಆ ಬಾಯಿಯ ಅಳತೆಯ ಮೇಲೆ ನಿಂತಿತ್ತು. ಅದಕ್ಕೇ ಅವಳಿಗೆ ಸಾಜಿದನೆಂದರೆ ಹೆಮ್ಮೆ. ಬಂದವರ ಮುಂದೆಲ್ಲ, “ಹುಡುಗನ ಕೈಯಾಗ ಗಾಡಿ ಹೂವಿನಂಗ ಓಡತೈತಿ,” ಎನ್ನುವಳು. ದೀಪಾವಳಿಗೆ ಆ ಪಿಕಪ್ಪನ್ನು ಸಾಜಿದನ ಹೆಸರಿಗೇ ಮಾಡಿಸಿಕೊಡುತ್ತೇನೆ, ಸಂಬಳದಲ್ಲಿ ಸ್ವಲ್ಪ ಸ್ವಲ್ಪ ಹಿಡಿಯುತ್ತೇನೆ ಎಂದೂ ಹೇಳಿದ್ದಳು. ಸ್ವಂತ ಗಾಡಿ. ಶಬನಮ್ ಅದರ ಮುಂಗಾಜಿನ ಮೇಲೆ ಬರೆಸುವ ಹೆಸರನ್ನೂ ಮನಸ್ಸಿನಲ್ಲಿ ಆರಿಸಿಟ್ಟಿದ್ದಳು.

ಈಗ ಗಾಡಿಯೂ ಇಲ್ಲ, ಕೆಲಸವೂ ಇಲ್ಲ. ಮೇಲೆ ಕಳ್ಳನೆಂಬ ಹೆಸರು.

ಗಂಡ ಕದ್ದಿಲ್ಲವೆಂದು ಶಬನಮ್‌ಗೆ ಗೊತ್ತಿತ್ತು. ಕದ್ದಿದ್ದರೆ ಮನೆಯಲ್ಲಿ ಕಾಣಬೇಕಿತ್ತು. ಆದರೆ ಎಣ್ಣೆ ಹೋಗಿದ್ದು ನಿಜ. ಮಾರದೆ ಎಣ್ಣೆ ಹೋಗಬೇಕೆಂದರೆ ಗಾಡಿ ಎಲ್ಲೋ ಹೆಚ್ಚು ಓಡಿರಬೇಕು. ಎಲ್ಲಿಗೆ? ಯಾರ ಹತ್ತಿರ?

ಈ ಪ್ರಶ್ನೆಯನ್ನು ಅವಳ ಕಿವಿಯಲ್ಲಿ ಬಿತ್ತಿದವಳು ಪದ್ಮವ್ವ. ಮರುದಿನ ನಸುಕಿನಲ್ಲಿ ಶಬನಮ್ ಒಲೆ ಹೊತ್ತಿಸಲು ಬಂದಾಗ ಪದ್ಮವ್ವ ಆಗಲೇ ಗೇಟು ತೆರೆದು ಅಂಗಳದಲ್ಲಿ ನಿಂತಿದ್ದಳು. ದಿನದ ವಿಭೂತಿ ಇಲ್ಲದೆ ಹಣೆ ಬೋಳಾಗಿತ್ತು. ಬಾಯಲ್ಲಿ ಲವಂಗ ಇಟ್ಟುಕೊಂಡು ಕಚ್ಚುತ್ತಿದ್ದಳು. ಹತ್ತಿರ ಬಂದು, ಹಲ್ಲುನೋವು ಎಂದಳು. ಆಮೇಲೆ ದನಿ ಇಳಿಸಿದಳು.

“ರಾಮದುರ್ಗದಾಗ ಖಾನಾವಳಿ ಶೀತಲ ಅಂತ ಅದಾಳ. ನಿನ್ನ ಗಂಡಗ ಮುಂದ ಕುಂತು ಬಡಸ್ತಾಳಂತ. ನಾ ನೋಡಿಲ್ಲವಾ. ಮಂದಿ ಅಂತಾರ.”

ಶಬನಮ್ ಒಲೆಗೆ ಕಟ್ಟಿಗೆ ತುರುಕಿದಳು. ಅವಳು ಮಾತಿಗಿಂತ ಕಣ್ಣಿನಿಂದ ಬದುಕುವವಳು. ಆದರೆ ಆ ದಿನ ಹಿಟ್ಟು ನಾದುವಾಗ ಮುಷ್ಟಿಯಲ್ಲಿ ಬೇರೆಯೇ ಬಲವಿತ್ತು. ಶೀತಲ. ಹೆಸರೇ ಎಷ್ಟು ತಂಪಾಗಿದೆ! ತಾನು ದಿನವಿಡೀ ಒಲೆಯ ಮುಂದೆ ಬೇಯುವವಳು.

ಬುಧವಾರ ಅವಳು ರಜೆ ಕೇಳಿ ಗಂಡನ ಪಕ್ಕದ ಸೀಟಿನಲ್ಲಿ ಹತ್ತಿ ಕುಳಿತಳು.

“ಎಲ್ಲಿಗೆ?” ಎಂದ ಸಾಜಿದ್.

“ನಿಮ್ಮ ಗಾಡಿ ಎಷ್ಟು ಕುಡೀತೈತಿ ನೋಡಾಕ. ಬಂಕಿಗೆ ಹೊಡೀರಿ. ಕಂಠಮಟ ತುಂಬಸ್ರಿ. ತಿರುಗಿ ಬರೂಮುಂದ ಇದ ಬಂಕಿನಾಗ ಮತ್ತ ತುಂಬಸ್ರಿ.”

ಸಾಜಿದನಿಗೆ ಸಿಟ್ಟು ಬಂತು. ಹೆಂಡತಿಯ ಮುಖ ನೋಡಿ ಕೀಲಿ ತಿರುಗಿಸಿದ.

ದಾರಿಯುದ್ದಕ್ಕೂ ಅವಳು ನೋಡಿದಳು. ಸವದತ್ತಿಯ ಏರಿನಲ್ಲಿ ಅವನು ಗಾಡಿಯನ್ನು ಅರಚಿಸುವುದಿಲ್ಲ. ಇಳಿಜಾರಿನಲ್ಲಿ ಗೇರಿನಲ್ಲೇ ಬಿಟ್ಟು ಆಕ್ಸಿಲರೇಟರಿನಿಂದ ಕಾಲು ತೆಗೆಯುತ್ತಾನೆ. ರೊಟ್ಟಿ ಇಳಿಸುವಲ್ಲೆಲ್ಲ ಇಂಜಿನ್ ಆರಿಸುತ್ತಾನೆ. ಅಡ್ಡದಾರಿ ಹಿಡಿಯಲಿಲ್ಲ.

ರಾಮದುರ್ಗದಲ್ಲಿ ಶೀತಲ ಇದ್ದಳು. ದುಂಡು ಮುಖ, ತುಂಬು ಜಡೆ, ದೊಡ್ಡ ನಗು. ಸಾಜಿದನ ತಾಟಿಗೆ ಕೇಳದೆಯೇ ಶೇಂಗಾ ಚಟ್ನಿ ಹಾಕಿದಳು, ಮೇಲೆ ಮೊಸರು ಸುರಿದಳು. “ಚಟ್ನಿ ಖಾರ ಆತಂದ್ರ ನಿಮ್ಮ ಗಾಡಿ ಹಂಗ ನೀವೂ ಹೊಗಿ ಬಿಟ್ಟೀರಿ,” ಎಂದಳು. ಸಾಜಿದ್ ಬಾಯಿ ತುಂಬ ನಕ್ಕ. ಮನೆಯಲ್ಲಿ ಅವನು ಇಂಥ ನಗು ನಕ್ಕಿದ್ದು ಶಬನಮ್‌ಗೆ ನೆನಪಿಲ್ಲ. ಎತ್ತಿದ ತುತ್ತನ್ನು ಅವಳು ತಾಟಿಗೇ ಇಳಿಸಿದಳು. ನಕ್ಕರೆ ಎಣ್ಣೆ ಖರ್ಚಾಗುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಸಮಾಧಾನವಾಗಲಿಲ್ಲ.

ಸಂಜೆ ಅದೇ ಬಂಕಿನಲ್ಲಿ ಟ್ಯಾಂಕು ಮತ್ತೆ ತುಂಬಿತು. ಸಾಜಿದ್ ಲೆಕ್ಕ ಹಾಕಿ ಹೆಂಡತಿಯ ಕಡೆ ತಿರುಗಿದ.

“ಹದಿನಾರು. ಸಮಾಧಾನ ಆತಿಲ್ಲ?”

ಶಬನಮ್ ಬಂಕಿನ ಮೀಟರನ್ನೇ ನೋಡಿದಳು. ರಸ್ತೆಯ ಮೇಲೆ ಹದಿನಾರು ಕೊಡುವ ಗಾಡಿ ವಾರದ ಕೊನೆಗೆ ಹದಿಮೂರು ಕೊಡುವುದು ಹೇಗೆ? ತಪ್ಪು ಇಂಜಿನ್ನಿನದಲ್ಲ. ಗಂಡನದಲ್ಲ. ಶೀತಲಳದೂ ಅಲ್ಲ. ಹಾಗಾದರೆ—

“ಓಡೂಮುಂದ ಕುಡಿಯೂದಿಲ್ಲರಿ ಇದು,” ಎಂದಳು ಮೆಲ್ಲಗೆ. “ನಿಂತಾಗ ಕುಡೀತೈತಿ.”

ರಾತ್ರಿ ಗಾಡಿಗಳೆರಡೂ ನಿಲ್ಲುವುದು ಕೇಂದ್ರದ ಅಂಗಳದಲ್ಲಿ. ಸಾಜಿದನ ಕಣ್ಣು ಕೆಂಪಾಯಿತು. ಅಲ್ಲೇ ಮನೆಯಿರುವವನು ಬಸವಲಿಂಗ. ದೀಪಾವಳಿಯ ಮಾತು ಕೇಳಿದಂದಿನಿಂದ ಅವನು ಸರಿಯಾಗಿ ಮುಖ ಕೊಟ್ಟು ಮಾತಾಡಿಲ್ಲ. ಈಗಲೇ ಹೋಗಿ ಕೊರಳಪಟ್ಟಿ ಹಿಡಿಯುತ್ತೇನೆ ಎಂದ ಸಾಜಿದ್. ಶಬನಮ್ ತಡೆದಳು. ಹಿಡಿದ ಮೇಲೆ ಬಿಡಲಾಗದಂಥದ್ದು ಕೈಯಲ್ಲಿರಬೇಕು ಎಂದಳು.

ಮರುದಿನ ಮಧ್ಯಾಹ್ನ ಅವಳು ಬಸವಲಿಂಗನಿಗೆ ಚಹಾ ಕೊಡುವ ನೆಪದಲ್ಲಿ, ಕಿತ್ತೂರಿನ ಗಾಡಿ ಈಗ ಎಷ್ಟು ಎವರೇಜ್ ಕೊಡುತ್ತಿದೆ ಎಂದು ಕೇಳಿದಳು.

ಬಸವಲಿಂಗನ ಮುಖ ಅರಳಿತು. “ಮೂರು ವಾರದಿಂದ ಹದಿನಾರು. ಮೊದಲ ಹದಿಮೂರು ದಾಟತಿದ್ದಿಲ್ಲ. ಗೇರು ಬದಲಸೋದು ಈಗ ಕಲ್ತೇನಿ. ಕ್ಲಚ್ ಮ್ಯಾಲ ಕಾಲು ಇಡಂಗಿಲ್ಲ, ಸಿಗ್ನಲ್ ದೂರದಿಂದ ಕಂಡ್ರ ಕಾಲು ತಗೀತೇನಿ. ನಿನ್ನ ಗಂಡಗ ಹೇಳು, ಬೇಕಾದ್ರ ಕಲಸ್ತೇನಿ.”

ಅಷ್ಟು ಹೇಳುವಾಗ ಅವನ ಕಣ್ಣು ಎಲ್ಲೂ ತಪ್ಪಿಸಿಕೊಳ್ಳಲಿಲ್ಲ. ಶಬನಮ್ ಗಲಿಬಿಲಿಗೊಂಡಳು. ಎಣ್ಣೆ ಕದ್ದವನಾದರೆ ಎವರೇಜಿನ ಮಾತು ಬಂದಾಗ ಚಹಾ ಬೇಗ ಕುಡಿದು ಏಳಬೇಕಿತ್ತು. ಇವನು ಎರಡನೇ ಕಪ್ಪು ಕೇಳಿದ.

ಅವಳು ಮೆಕ್ಯಾನಿಕ್ ಸೋಮಪ್ಪನ ಹತ್ತಿರ ಹೋದಳು. ಬಸವಲಿಂಗನ ಗಾಡಿಗೆ ಏನು ರಿಪೇರಿ ಮಾಡಿದಿರಿ, ಕಾಕಾ?

“ಏನೂ ಇಲ್ಲ. ಮೊನ್ನೆ ರೊಟ್ಟಿಗೆ ಡೀಸೆಲ್ ವಾಸನಿ ಬರತೈತಿ ಅಂತ ಧಾಬಾದವರು ಗಂಟು ವಾಪಸ್ ಕಳಿಸಿದ್ರಲ್ಲ, ಆವಾಗ ಎಲ್ಲಿ ಸೋರತೈತಿ ಅಂತ ನೋಡಿದೆ. ಹನಿ ಸೋರಿಲ್ಲ.”

“ಹಂಗಾರ ಎವರೇಜ್ ಹೆಂಗ ಏರಿತು?”

ಸೋಮಪ್ಪ ಕೈಗೆ ಮೆತ್ತಿದ ಗ್ರೀಸು ಒರೆಸುತ್ತ ನಕ್ಕ. “ಅದ ನನಗೂ ತಿಳೀವಲ್ದು. ಹಳೇ ಗಾಡಿಗೆ ಪ್ರಾಯ ಬಂದದ್ದು ನಾ ಕಂಡಿಲ್ಲವಾ.”

ವಾಪಸ್ ಬಂದ ಆ ಗಂಟು ದನಕ್ಕೆ ಹಾಕಲೆಂದು ಕೇಂದ್ರದ ಮೂಲೆಯಲ್ಲಿ ಬಿದ್ದಿತ್ತು. ಶಬನಮ್ ಅದನ್ನು ಬಿಚ್ಚಿದಳು. ಹೊರಗಿನ ಬಟ್ಟೆ ಮೂಸಿದಳು: ಬರೀ ಹಿಟ್ಟಿನ ವಾಸನೆ. ಮೇಲಿನ ರೊಟ್ಟಿ ಮುರಿದು, ಒಳಗಿನದನ್ನು ಎತ್ತಿ ಮೂಸಿದಳು.

ಗಂಟನ್ನು ಮೊದಲಿನಂತೆ ಕಟ್ಟಿ ಎತ್ತಿಟ್ಟಳು.

ಸೋಮವಾರ ಬಂತು. ಸಾಜಿದನ ಗಾಡಿಗೆ ಮತ್ತೆ ಹೆಚ್ಚು ಎಣ್ಣೆ ಹಿಡಿಯಿತು. ಸಿದ್ದಲಿಂಗವ್ವ ಅಂಗಳದಲ್ಲಿ ಕುರ್ಚಿ ಹಾಕಿ ಕುಳಿತು ಕೀಲಿಗಾಗಿ ಕೈ ಚಾಚಿದಳು. ಬಸವಲಿಂಗ ತನ್ನ ಗಾಡಿಗೆ ಒರಗಿ ನಿಂತಿದ್ದ. ಪದ್ಮವ್ವ ಬಾಗಿಲಲ್ಲಿ ರೊಟ್ಟಿ ಎಣಿಸುತ್ತಿದ್ದಳು.

ಶಬನಮ್ ಕಂಬದ ಮರೆಯಿಂದ ಬಂದಳು. ಕೈಯಲ್ಲಿ ಆ ಗಂಟು. ಮೊದಲ ಮಾತು ನೆಲಕ್ಕೇ ಹೇಳಿದಂತಿತ್ತು.

“ಅಮ್ಮಾರ, ಎಣ್ಣಿ ಈ ಅಂಗಳ ಬಿಟ್ಟು ಹೋಗಿಲ್ಲರಿ.”

“ಏನಂದಿ? ಜೋರಾಗಿ ಮಾತಾಡು.”

“ಕಡಿಮಿ ಆದ ಗಾಡೀನ ಎಲ್ಲಾರೂ ನೋಡಿದ್ವಿ. ಹೆಚ್ಚಾದ ಗಾಡೀನ ಯಾರೂ ನೋಡಲಿಲ್ಲ. ಒಂದು ಹದಿನಾರರಿಂದ ಹದಿಮೂರಕ್ಕ ಇಳೀತು. ಇನ್ನೊಂದು ಹದಿಮೂರರಿಂದ ಹದಿನಾರಕ್ಕ ಏರಿತು. ಅದೂ ಒಂದ ವಾರದಾಗ. ಇದರ ಹೊಟ್ಟಿಯಿಂದ ತಗದು ಅದರ ಹೊಟ್ಟಿಗೆ ಹಾಕ್ಯಾರ.”

ಬಸವಲಿಂಗ ಗಾಡಿಯಿಂದ ಮೈ ಕಿತ್ತು ಮುಂದೆ ಬಂದ. “ನನ್ನ ಕಳ್ಳ ಅಂತೀಯೇನು?”

“ನೀವಲ್ಲರಿ, ಬಸಣ್ಣಾರ. ನಿಮಗ ಗೊತ್ತೂ ಇಲ್ಲ.”

ಅವಳು ಗಂಟಿನ ಬಟ್ಟೆಯನ್ನು ಸಿದ್ದಲಿಂಗವ್ವನ ಕೈಗೆ ಕೊಟ್ಟಳು. ಮೂಸಿ ನೋಡಿರಿ ಎಂದಳು. ಏನೂ ಇಲ್ಲ ಎಂದಳು ಸಿದ್ದಲಿಂಗವ್ವ. ಆಮೇಲೆ ನಡುವಿನ ರೊಟ್ಟಿ ಕೊಟ್ಟಳು. ಸಿದ್ದಲಿಂಗವ್ವ ಮೂಗಿನ ಹತ್ತಿರ ಹಿಡಿದು, ತಟ್ಟನೆ ದೂರ ಸರಿಸಿದಳು.

“ಗಾಡಿ ಸೋರಿದ್ರ ಬಟ್ಟಿ ನಾರಬೇಕಿತ್ತರಿ,” ಎಂದಳು ಶಬನಮ್. “ಒಳಗಿನ ರೊಟ್ಟಿ ನಾರತೈತಿ. ಅಂದ್ರ ವಾಸನಿ ಬಂದದ್ದು ಗಾಡಿಯಿಂದಲ್ಲ, ರೊಟ್ಟಿ ಒಟ್ಟಿದ ಕೈಯಿಂದ. ಡ್ರೈವರ್ ಮಂದಿ ಕಟ್ಟಿದ ಗಂಟು ಎತ್ತತಾರ, ರೊಟ್ಟಿ ಮುಟ್ಟೂದಿಲ್ಲ. ಕಿತ್ತೂರ ಗಾಡೀದು ಯಾರು ಒಟ್ಟತಾರ?”

ಯಾರೂ ಹೇಳಬೇಕಾಗಿರಲಿಲ್ಲ. ಮಗನ ಗಾಡಿಯ ರೊಟ್ಟಿಯನ್ನು ಪದ್ಮವ್ವ ಬೇರೆಯವರಿಗೆ ಮುಟ್ಟಗೊಡುತ್ತಿರಲಿಲ್ಲ. ಒಂದು ತುಂಡೂ ಮುರಿದು ಮಗನಿಗೆ ಮಾತು ಬರಬಾರದೆಂದು ತಾನೇ ಒಂದೊಂದಾಗಿ ಒಟ್ಟಿ ಕಟ್ಟುತ್ತಿದ್ದಳು.

ಪದ್ಮವ್ವ ಎಣಿಸುವುದನ್ನು ನಿಲ್ಲಿಸಿದಳು. “ಲಾಟೀನಿನ ಎಣ್ಣಿ ಹತ್ತಿರಬೇಕು. ಅದಕ್ಕ ನಾ ಕಳ್ಳಿ ಏನ?”

“ಕೈ ವಾಸನಿ ಲಾಟೀನಿಂದು ಅನ್ನೂಣ್ರಿ. ಬಾಯಿಂದು?” ಶಬನಮ್ ಈಗ ಪದ್ಮವ್ವನನ್ನೇ ನೋಡಿ ಮಾತಾಡಿದಳು. “ಮುಂಜಾನೆ ಲಿಂಗಪೂಜಿ ಆಗದ ನೀವು ಹನಿ ನೀರೂ ಬಾಯಾಗ ಹಾಕಂಗಿಲ್ಲ. ಮಂಗಳವಾರ ಹಣಿ ಮ್ಯಾಲ ಇಬೂತಿ ಇರಲಿಲ್ಲ, ಬಾಯಾಗ ಲವಂಗ ಇತ್ತು. ಹಲ್ಲುನೋವು ಅಂದ್ರಿ. ಮಧ್ಯಾಹ್ನ ಖಡಕ್ ಆಗೈತೋ ಇಲ್ಲೋ ಅಂತ ಅದ ಹಲ್ಲಿನಿಂದ ರೊಟ್ಟಿ ಕಡದು ನೋಡಿದ್ರಿ. ಪೈಪಿಗೆ ಬಾಯಿ ಹಚ್ಚಿ ಎಣ್ಣಿ ಎಳದವರಿಗೆ, ಆ ವಾಸನಿ ಹೋಗಾಕ ಏನರ ಕಚ್ಚಬೇಕಲ್ಲರಿ.”

ಸಿದ್ದಲಿಂಗವ್ವ ತಂಗಿಯ ಕಡೆ ನೋಡಿದಳು. ಪೂಜೆ ತಪ್ಪಿಸಿದೆಯಾ ಎಂಬುದು ಅವಳ ಕಣ್ಣಿನಲ್ಲಿದ್ದ ಮೊದಲ ಪ್ರಶ್ನೆ, ಎಣ್ಣೆಯದು ಆಮೇಲಿನದು. ಪದ್ಮವ್ವನಿಗೆ ಆ ನೋಟ ತಡೆಯಲಾಗಲಿಲ್ಲ. ಒಳಗೆ ಹೋಗಿ ಜೋಳದ ಹಿಟ್ಟಿನ ಡಬ್ಬಿಯ ಹಿಂದಿನಿಂದ ರಬ್ಬರ್ ಪೈಪು ತಂದು ಅಂಗಳದಲ್ಲಿ ಎಸೆದಳು.

“ಮೂರು ಹೊತ್ತೂ ಸಾಜಿದ, ಸಾಜಿದ. ಊಟಕ್ಕ ಕುಂತ್ರ ಸಾಜಿದನ ಎವರೇಜ್. ನನ್ನ ಮಗ ತಾಟಿನ ಮುಂದ ತಲಿ ತಗ್ಗಿಸಿ ಕುಂಡ್ರತಿದ್ದ. ನಿನಗ ಕಾಣಲಿಲ್ಲಕ್ಕಾ. ನಾ ಒಂದ ಹನಿ ಮಾರಿಲ್ಲ. ನಿನ್ನ ಎಣ್ಣಿ ನಿನ್ನ ಗಾಡಿಗೇ ಹಾಕೇನಿ.”

ಅದು ನಿಜವೇ ಆಗಿತ್ತು. ಸಿದ್ದಲಿಂಗವ್ವನಿಗೆ ಒಂದು ಹನಿಯೂ ನಷ್ಟವಾಗಿರಲಿಲ್ಲ. ಅವಳು ಕುರ್ಚಿಯಿಂದ ಎದ್ದು, ಸಾಜಿದನ ಕೈಯಲ್ಲಿದ್ದ ಕೀಲಿಯ ಮೇಲೆ ಅವನ ಬೆರಳುಗಳನ್ನೇ ಮಡಿಚಿದಳು. ದೀಪಾವಳಿ ತನಕ ಕಾಯುವುದು ಬೇಡ, ಈ ವಾರವೇ ಹೆಸರು ಬದಲಿಸೋಣ ಎಂದಳು.

ಅಷ್ಟರಲ್ಲಿ ಬಸವಲಿಂಗ ತಾಯಿಯ ಹತ್ತಿರ ಬಂದಿದ್ದ. ಅವನು ಬೈಯಲಿಲ್ಲ.

“ಹಂಗಾರ ನಂದು ಎಷ್ಟವ್ವಾ?” ಎಂದ. “ಖರೇ ಎವರೇಜ್?”

ಪದ್ಮವ್ವ ಬಾಯಿಗೆ ಸೆರಗು ಇಟ್ಟುಕೊಂಡಳು. ಉತ್ತರ ಅಂಗಳದಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಮಗನ ಮುಖ ನೋಡಲಾಗದೆ ಪೈಪಿನ ಕಡೆ ನೋಡುತ್ತಿದ್ದ ಪದ್ಮವ್ವನನ್ನು ಶಬನಮ್ ನೋಡಿದಳು. ರಾಮದುರ್ಗದ ಖಾನಾವಳಿಯಲ್ಲಿ ಎತ್ತಿದ ತುತ್ತು ತಾಟಿಗೆ ಇಳಿಸಿದ್ದು ನೆನಪಾಯಿತು. ಶೀತಲಳ ಹೆಸರು ಬಾಯಿತನಕ ಬಂದಿತ್ತು, ನುಂಗಿದಳು.

ಮರುದಿನ ಬೆಳಗ್ಗೆ ಗಾಡಿ ಹೊರಡುವ ಮುಂಚೆ ಸಾಜಿದ್ ಬಸವಲಿಂಗನ ಹತ್ತಿರ ಹೋಗಿ, ಕಿತ್ತೂರಿನ ಒಂದು ಸುತ್ತಿಗೆ ನಾನೂ ಪಕ್ಕದಲ್ಲಿ ಕೂರುತ್ತೇನೆ, ಗೇರಿನ ಲೆಕ್ಕ ಇಬ್ಬರೂ ಕೂಡಿ ನೋಡೋಣ ಎಂದ. ಬಸವಲಿಂಗ ಪಕ್ಕದ ಸೀಟಿನ ಮೇಲಿದ್ದ ಟವೆಲ್ ಎತ್ತಿ ಡ್ಯಾಶ್‌ಬೋರ್ಡಿನ ಮೇಲೆ ಹಾಕಿದ.

ಆ ಸುತ್ತು ಮುಗಿಸಿ ಬಂದ ಮೇಲೆ ಸಾಜಿದ್ ರಾಮದುರ್ಗಕ್ಕೆ ಹೊರಟಾಗ ಶಬನಮ್ ಕಿಟಕಿಯಲ್ಲಿ ಒಂದು ಬುತ್ತಿ ತೂರಿಸಿದಳು. ಶೇಂಗಾ ಚಟ್ನಿ, ಮೇಲೆ ಮೊಸರು.

“ಇದ್ಯಾಕ?” ಎಂದ ಅವನು. “ಎಣ್ಣಿ ಕದ್ದವರು ಸಿಕ್ಕರಲ್ಲ.”

“ಅದು ಎಣ್ಣಿ ಮಾತು,” ಎಂದಳು ಶಬನಮ್. “ಇದು ಊಟದ್ದು.”

ಬಾಗಿಲು ಮುಚ್ಚಲು ಎರಡು ಸಲ ಜಗ್ಗಿದಳು.