ಮುಟ್ಟಿದರೆ ಕೂಡುವ ಸೆರಗು

"ನಿಮ್ಮ ಸೀರಿ ಖರೇನ ಕೈಮಗ್ಗದ್ದು ಅಂತ ಫೋನಿನ್ಯಾಗ ನೋಡೂ ಮಂದಿಗೆ ಹೆಂಗ ಗೊತ್ತಾಗಬೇಕ್ರಿ?"

ಇಳಕಲ್ಲಿನ ನೇಕಾರ ಗೋವಿಂದಪ್ಪನ ಮಗ್ಗದ ಮುಂದೆ ನಿಂತು ಹೀಗೆ ಕೇಳಿದವನು ವಿಜಯಮಹಾಂತೇಶ. ಹುನಗುಂದದ ಹುಡುಗ, ಸೀರೆಗಳ ವೆಬ್‌ಸೈಟ್ ಮಾಡಿಕೊಡಲು ಬಂದವನು. ಬಂದ ಮೊದಲ ದಿನವೇ ಇಂಥ ಪ್ರಶ್ನೆ!

ಗೋವಿಂದಪ್ಪನ ಮಗಳು ನಾಗರತ್ನಾಗೆ ಮೂಗಿನ ತುದಿಯಲ್ಲೇ ಸಿಟ್ಟು. ಅವನ ಕೈ ಹಿಡಿದೆಳೆದು, ಒಡಲಿಗೆ ಸೆರಗು ಕೂಡುವ ಜಾಗದ ಮೇಲೆ ಅವನ ಬೆರಳಿಟ್ಟಳು.

"ಮುಟ್ಟಿ ನೋಡ್ರಿ! ಒಡಲಿನ ಎಳಿಗೆ ಸೆರಗಿನ ಎಳಿ ಒಂದೊಂದಾಗಿ ಸಿಗಿಸೇನಿ. ಇದಕ್ಕ ಕೊಂಡಿ ಅಂತೀವಿ. ಮಷೀನು ಹಾಕ್ತೈತೇನು ಇದನ್ನ?"

"ಇಷ್ಟೂ ನೀವ ಹಾಕಿದ್ದೇನ್ರಿ?" ಅವನ ದನಿ ಮೆತ್ತಗಾಯಿತು.

ಅಯ್ಯೋ... ಇನ್ನೂ ಕೈ ಹಿಡಿದೇ ಇದ್ದೇನಲ್ಲ! ತಟ್ಟನೆ ಬಿಟ್ಟಳು. ಕೆನ್ನೆ ಮಾತ್ರ ಸೆರಗಿನಷ್ಟೇ ಕೆಂಪಾಗಿತ್ತು.

ಆಮೇಲೆ ಅವನು ಬರುತ್ತಲೇ ಇದ್ದ. ಫೋಟೊ ತೆಗೆಯುವ ನೆಪ, ಬಣ್ಣ ನೋಡುವ ನೆಪ. ಅವಳೂ ಅವನ ಚಹಾಕ್ಕೆ ಸಕ್ಕರೆ ಒಂಚೂರು ಜಾಸ್ತಿಯೇ ಹಾಕುತ್ತಿದ್ದಳು... ಬಾಯಿ ಬಿಟ್ಟು ಮಾತ್ರ ಇಬ್ಬರೂ ಏನೂ ಹೇಳಲಿಲ್ಲ.

ಸೈಟ್ ತೋರಿಸುವ ದಿನ ಓಣಿಯ ನೇಕಾರರೆಲ್ಲ ಪಡಸಾಲೆಯಲ್ಲಿ ಸೇರಿದರು. ಪವರ್‌ಲೂಮಿನ ಸೀರೆಯೂ ಕೈಮಗ್ಗದ್ದೆಂದು ಫೋನಿನಲ್ಲಿ ಮಾರಾಟವಾಗುವ ಕಾಲ. ಇದರಿಂದಲಾದರೂ ತಮ್ಮ ಕೈಕೆಲಸ ನಾಲ್ಕು ಜನಕ್ಕೆ ಗುರುತು ಸಿಗಲಿ ಎಂಬುದೇ ನಾಗರತ್ನಾಳ ಆಸೆ.

ವಿಜಯಮಹಾಂತೇಶ ಟ್ಯಾಬ್ ತೆರೆದ. ನೀಲಿ ಒಡಲು, ಕೆಂಪು ದಡಿ... ಮುಂದೆ? ಬರೀ ಬಿಡಿ ಎಳೆಗಳು. ಸೆರಗೇ ಇಲ್ಲ!

"ಸೆರಗಿಲ್ಲದ ಸೀರಿ ಏನವಾ ಇದು?" ಮುದುಕಿಯೊಬ್ಬಳು ನಕ್ಕುಬಿಟ್ಟಳು.

ನಾಗರತ್ನಾಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಒಂದು ಸಲ ಬೆರಳ..." ಅವನು ಬಾಯಿ ತೆರೆದ.

"ಸಾಕ್ರಿ! ಕೈ ಹಿಡಿದು ತೋರಿಸಿದ ಜಾಗಾದಾಗನ ಕತ್ತರಿಸೀರಲ್ಲ! ಓಣಿ ಮಂದಿ ಮುಂದ ನಮ್ಮ ಮರ್ಯಾದಿ ತೆಗದ್ರಿ. ಹೋಗ್ರಿ!"

ಅವನ ಮುಖ ಸಪ್ಪಗಾಯಿತು. ಟ್ಯಾಬನ್ನು ಅಲ್ಲೇ ಇಟ್ಟು ಹೊರಟುಹೋದ.

ಅದನ್ನು ಮುಚ್ಚಿಬಿಡಲೆಂದು ನಾಗರತ್ನಾ ಕೈ ಹಾಕಿದಳು. ಬೆರಳು ಬಿಡಿ ಎಳೆಯ ಮೇಲೆ ಸರಿಯಿತು... ಒಂದು ಕೊಂಡಿ ಕೂಡಿತು! ಇನ್ನೊಂದು ಎಳೆದಳು, ಮತ್ತೊಂದು. ಸಾಲು ತುಂಬುತ್ತಿದ್ದಂತೆ ಕೆಂಪು ಸೆರಗು ಪರದೆಯ ತುಂಬ ಹರಡಿಕೊಂಡಿತು. ಕೆಳಗೆ ಅಕ್ಷರಗಳು:

'ನೇಯ್ದವರು ಗೋವಿಂದಪ್ಪ. ಕೊಂಡಿ ಹಾಕಿದವರು ನಾಗರತ್ನಾ. ಈಗ ನಿಮ್ಮ ಬೆರಳಿಗೂ ಗೊತ್ತಾಯಿತಲ್ಲ!'

ಸೀರೆಯ ಪಕ್ಕದಲ್ಲಿ ಹೆಣ್ಣುಮಗಳೊಬ್ಬಳ ಹೆಸರನ್ನು ಆ ಓಣಿ ಎಂದೂ ಕಂಡಿರಲಿಲ್ಲ. ನಕ್ಕ ಮುದುಕಿಯೇ ಟ್ಯಾಬ್ ಕಸಿದುಕೊಂಡಳು.

"ನಾನೂ ಹಾಕ್ತೇನಿ, ಕೊಡ ಇಲ್ಲೆ!"

"ನನ್ನ ಮಗಳ ಹೆಸರು ಜೋರಾಗಿ ಓದ್ರಿ!" ಗೋವಿಂದಪ್ಪ ಕಣ್ಣೊರೆಸಿಕೊಂಡ. ಎದೆ ಉಬ್ಬಿತ್ತು.

ನಾಗರತ್ನಾ ಚಪ್ಪಲಿ ಮೆಟ್ಟದೆ ಬಸ್‌ಸ್ಟ್ಯಾಂಡಿಗೆ ಓಡಿದಳು. ಅವನು ಹುನಗುಂದದ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟಿದ್ದ.

"ಇಳೀರಿ ಕೆಳಗ!" ಅವಳ ಕೂಗಿಗೆ ಕಂಡಕ್ಟರೂ ಬೆಚ್ಚಿದ. "ಮೊದಲ ಯಾಕ ಹೇಳ್ಲಿಲ್ರಿ?"

"ಹೇಳಾಕ ಎಲ್ಲಿ ಬಿಟ್ರಿ? ಅವತ್ತ ನೀವು ಮುಟ್ಟಿ ನೋಡ್ರಿ ಅಂದಿರ್ಲಿಲ್ಲಂದ್ರ ನನಗೂ ತಿಳೀತಿದ್ದಿಲ್ಲ. ಕೊಳ್ಳಾಕ ಬರೂ ಮಂದೀನೂ ಹಂಗ ತಿಳಕೊಳ್ಳಲಿ ಅಂತ ಮಾಡಿದೆ. ಮೊದಲನೇ ಕೊಂಡಿ ನಿಮ್ಮ ಬೆರಳಿಂದನ ಕೂಡಬೇಕು ಅಂತಿತ್ತು ನನಗ..."

ಅವಳ ಕಣ್ಣು ತುಂಬಿ ಬಂತು.

"ನನ್ನ ಹೆಸರು ಯಾರನ್ನ ಕೇಳಿ ಹಾಕಿದ್ರಿ?"

"ಯಾರನ್ನೂ ಕೇಳಿಲ್ಲ. ದಿನಾ ಮನಸಿನ್ಯಾಗ ಅಂದ್ಕೊಳ್ಳೂ ಹೆಸರದು. ನಾಗರತ್ನಾ... ನೀವಂದ್ರ ನನಗ ಭಾಳ ಇಷ್ಟ ರೀ."

ಬಸ್ಸು ಅವನನ್ನು ಬಿಟ್ಟೇ ಹೊರಟಿತು. ಇಬ್ಬರೂ ಅತ್ತ ತಿರುಗಿ ನೋಡಲಿಲ್ಲ.

"ಹಂಗಾದ್ರ ಮನಿಗೆ ನಡೀರಿ. ಇದನ್ನ ಅಪ್ಪನ ಮುಂದ ಹೇಳ್ರಿ," ಎಂದು ಅವಳು ಅವನ ಕೈ ಹಿಡಿದಳು. ಈ ಸಲ ಬೇಕೆಂದೇ.

"ಓಣಿ ಮಂದೆಲ್ಲಾ ನೋಡ್ತಾರ... ನಡುವ ಬಿಡೂದಿಲ್ಲಲ್ಲ?"

"ನಾ ಹಾಕಿದ ಕೊಂಡಿ ಬಿಡ್ತೈತೇನ್ರಿ?"